ಐದು ನಿಮಿಷ

ಕರೆಂಟು ಆಫೀಸಿನ ದೂಮಪ್ಪಣ್ಣ ಬಂದರೆ
ಕುಂಬಳೆಯಿಂದ ಬಂದ್ಯೋಡಿನವರೆಗೆ ನಾಯಿ ಬೊಗಳುತ್ತಿರಲಿಲ್ಲ.
ಮೀಟರು ಓದಲು ಹೋದವನು
ಮನೆಯನ್ನೇ ಓದಿ ಬರುತ್ತಿದ್ದ:
ಯಾರ ಬಾವಿಗೆ ಉಪ್ಪು ಹತ್ತಿತು,
ಯಾರ ಎಮ್ಮೆ ಹಾಲು ಬತ್ತಿತು,
ಬೀಫಾತಿಮಳ ಗಂಡ ಈ ವರ್ಷವೂ ಶಾರ್ಜದಿಂದ ಬರುವುದಿಲ್ಲ.
ಚೀಲದಲ್ಲಿ ಬೋರ್ಡಿನ ದಪ್ಪ ಪುಸ್ತಕ, ಅದರ ಮೇಲೆ
ಒಬ್ಬರು ಕೊಟ್ಟ ಬಸಳೆ ಬಳ್ಳಿ,
ಇನ್ನೊಬ್ಬರ ಅಂಗಳಕ್ಕೆ.

"ಐದು ನಿಮಿಷ, ಈಗ ಬಂದೆ"
ಎಂದು ಸಂಜೆ ಮೆಟ್ಟಿಲಿಳಿದರೆ
ಅಮ್ಮ ಸಾರಿನ ಪಾತ್ರೆಯನ್ನು ಬಿಸಿ ಬೂದಿಯ ಮೇಲಿಡುತ್ತಿದ್ದಳು.
ಆ ಐದು ನಿಮಿಷದಲ್ಲಿ ಶಿರಿಯ ಹೊಳೆ
ಒಮ್ಮೆ ಏರಿ ಇಳಿಯುತ್ತಿತ್ತು.
ಒಬ್ಬನೇ ಬಂದದ್ದು ಕಡಿಮೆ.
"ಇವನಿಗೆ ಕಡೆಯ ಬಸ್ಸು ತಪ್ಪಿತು ಮಾರಾಯ್ತಿ,
ಒಂದು ಮುಷ್ಟಿ ಅನ್ನ ಉಂಟಲ್ಲ?"
ಉಂಟು. ಅಮ್ಮನ ಪಾಲಿನದು ಉಂಟು.
ಅದು ಅವನಿಗೆ ಗೊತ್ತಿರಲಿಲ್ಲವೆಂದು
ನಾನು ಬರೆಯಲಾರೆ.

ಆದಿತ್ಯವಾರ ನಾವು ಮೂವರೂ ಅವನ ಹಿಂದೆ.
ಗಾಳದ ಡಬ್ಬಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಸಿಗಡಿ,
ಬಾಳೆಲೆಯಲ್ಲಿ ಕಟ್ಟಿದ ಅವಲಕ್ಕಿ.
ಅಳಿವೆಯಲ್ಲಿ ಮೊಣಕಾಲುದ್ದ ನೀರು.
ಮಾತಾಡಿದರೆ ಮೀನು ಓಡುತ್ತದೆ ಎಂದು
ನಮಗೆ ಕಣ್ಣು ದೊಡ್ಡದು ಮಾಡಿದವನು
ಆಚೆ ದಡದ ಅಂದುಂಞಿಯೊಡನೆ
ಹೊಳೆಯ ಅಗಲಕ್ಕೂ ಬೊಬ್ಬೆ ಹಾಕಿ ಹರಟುತ್ತಿದ್ದ.
ಮೀನು ಓಡಲಿಲ್ಲ.
ಒಂದು ದಿನ ನನ್ನ ಗಾಳಕ್ಕೆ ಕಾನೆ ಬಿತ್ತು,
ಗೇಣಿಗೆ ಒಂದು ಬೆರಳು ಕಡಿಮೆ.
ದಾರಿಯಲ್ಲಿ ಸಿಕ್ಕಿದ ಒಂಬತ್ತು ಮಂದಿಗೂ
"ಹಿಡಿದದ್ದು ಇವಳು" ಎಂದು ನಿಲ್ಲಿಸಿ ನಿಲ್ಲಿಸಿ ಹೇಳಿದ.
ಮನೆ ಮುಟ್ಟುವಾಗ ಮೀನು ಮೊಳದುದ್ದ,
ನಾನೂ ಸ್ವಲ್ಪ ಬೆಳೆದಿದ್ದೆ.

ಬಿಸಿಲು ಅವನನ್ನು ಎಷ್ಟು ಸುಟ್ಟಿತ್ತೆಂದರೆ
ಅಂಗಿ ಕಳಚಿದಾಗ ಒಳಗೆ ಇನ್ನೊಬ್ಬ ಬಿಳಿಯ ಮನುಷ್ಯ,
ನಮಗೆ ಪರಿಚಯವಿಲ್ಲದವನು.
ಮಂಗಳೂರಿನ ಆಸ್ಪತ್ರೆಯಲ್ಲಿ
ಆ ಇನ್ನೊಬ್ಬನೇ ಮಂಚದಲ್ಲಿ ಮಲಗಿದ್ದ.
ಆದರೂ ಮೂರನೆಯ ದಿನಕ್ಕೆ ಇಡೀ ವಾರ್ಡು ಅವನ ಬಳಗ.
ಉಪ್ಪಳದ ನರ್ಸಿಗೆ ಅವಳ ಮಾವನ ಮನೆಯ
ಮೀಟರು ನಂಬರು ಬಾಯಿಪಾಠ ಹೇಳಿದ.
ನಮ್ಮೊಡನೆ ಮಾತ್ರ ಮಾತು ಕಡಿಮೆಯಾಗುತ್ತ ಬಂತು.
ಒಂದು ರಾತ್ರಿ ಕೇಳಿದ,
"ಗಾಳಿ ಎಲ್ಲಿಂದ ಮಗಾ?"
ಅದು ತೆರೆಯಲು ಬಾರದ ಗಾಜಿನ ಕಿಟಕಿ.
"ತೆಂಕಣದ್ದು" ಎಂದೆ.
"ಹಾಗಾದರೆ ಮೀನುಂಟು."

ಹೊತ್ತವರಲ್ಲಿ ಅರ್ಧ ಜನರ ಹೆಸರು
ನಮಗೆ ಗೊತ್ತಿರಲಿಲ್ಲ.
ನಮ್ಮ ಮೂವರ ಹತ್ತನೆಯ ಕ್ಲಾಸಿನ ಮಾರ್ಕು
ಅವರಿಗೆಲ್ಲ ಗೊತ್ತಿತ್ತು.
ಅಂದುಂಞಿ ಮಾತ್ರ ಅಂಗಳಕ್ಕೆ ಬರಲಿಲ್ಲ.
ಇಷ್ಟು ವರ್ಷ ಹೊಳೆಯಾಚೆಯಿಂದಲೇ ಮಾತಾಡಿದವನಿಗೆ
ಹತ್ತಿರ ನಿಂತು ಏನು ಹೇಳುವುದೆಂದು ತಿಳಿಯಲಿಲ್ಲವಂತೆ.
ಸಂಜೆ ದಡಕ್ಕೆ ಹೋಗಿ
ಒಮ್ಮೆ ಕೂಗಿದನಂತೆ.

ಎರಡು ತಿಂಗಳ ಮೇಲೆ ಹೊಸ ಹುಡುಗ ಬಂದ,
ಕೈಯಲ್ಲೇ ಬಿಲ್ಲು ಉಗುಳುವ ಯಂತ್ರ.
"ಯೂನಿಟ್ಟು ಹೆಚ್ಚಾಗಿದೆಯಲ್ಲ ಅಮ್ಮಾ,
ಮನೆಯಲ್ಲಿ ಜನ ಒಂದು..."
ಅಷ್ಟಕ್ಕೆ ನಿಲ್ಲಿಸಿ ಚೀಟಿ ಹರಿದ.
ಜಗಲಿಯ ದೀಪ.
ಮೊದಲಾದರೆ ಹತ್ತಕ್ಕೋ ಹನ್ನೊಂದಕ್ಕೋ
ಅವನ ಚಪ್ಪಲಿಯ ಸದ್ದು ಕೇಳಿ ಅಮ್ಮ ಆರಿಸುತ್ತಿದ್ದಳು.
ಈಗ ಆರಿಸುವ ಹೊತ್ತು ಯಾವುದು?
ಬೆಳಗಿನವರೆಗೆ ಉರಿಯುತ್ತದೆ.
ನಾವು ಯಾರೂ ಏನೂ ಹೇಳಿಲ್ಲ.

ಹುಡುಗ ಬೈಕಿನ ಕಡೆ ತಿರುಗಿದ.
"ಬಿಸಿಲುಂಟು, ಮಜ್ಜಿಗೆ ಕುಡಿದು ಹೋಗು" ಎಂದಳು ಅಮ್ಮ,
"ಐದು ನಿಮಿಷ."
ಆ ಮಾತು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ.
ಹುಡುಗ ವಾಚು ನೋಡಿ,
ಇನ್ನೂ ಮೂವತ್ತೊಂದು ಮನೆ ಉಂಟು ಎಂದು ಹೇಳುತ್ತಲೇ
ಚಪ್ಪಲಿ ಕಳಚಿದ.